ಫ್ಯಾನಿನ ಸದ್ದು, ಶಾಖದ ದಾರಿ: ಮನೆಯ ಕಂಪ್ಯೂಟರಿನ ದೋಷನಿರ್ಣಯ ಕುರಿತು

ಮನೆಯ ಕಂಪ್ಯೂಟರಿನ ಫ್ಯಾನು ಇದ್ದಕ್ಕಿದ್ದಂತೆ ಭೋರೆಂದು ತಿರುಗತೊಡಗಿದರೆ ಎಲ್ಲರ ಅನುಮಾನ ಮೊದಲು ಹೋಗುವುದು ಫ್ಯಾನಿನ ಮೇಲೆಯೇ. ರಿಪೇರಿ ಅಂಗಡಿಯಲ್ಲೂ ಎಷ್ಟೋ ಸಲ ಮೊದಲು ಬದಲಾಗುವುದು ಅದೇ. ಆದರೆ ಇಂದಿನ ಕಂಪ್ಯೂಟರಿನಲ್ಲಿ ಫ್ಯಾನು ತನ್ನ ವೇಗವನ್ನು ತಾನೇ ನಿರ್ಧರಿಸುವುದಿಲ್ಲ. ಪ್ರೊಸೆಸರಿನೊಳಗಿನ ಉಷ್ಣ ಸಂವೇದಕ ಕೊಡುವ ಅಂಕಿಯನ್ನು ಮದರ್‌ಬೋರ್ಡಿನ ನಿಯಂತ್ರಕ ಓದುತ್ತದೆ, ಇಷ್ಟು ತಿರುಗು ಎನ್ನುತ್ತದೆ. ಫ್ಯಾನು ಅಷ್ಟು ತಿರುಗುತ್ತದೆ. ಜೋರಾಗಿ ತಿರುಗುವ ಫ್ಯಾನು ಬಹಳ ಸಲ ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಆದ್ದರಿಂದ ಸದ್ದನ್ನು ತಾಪಮಾನದ ಜೊತೆಗಿಟ್ಟು ಓದಬೇಕು ಎಂಬುದು ಈ ಲೇಖನದ ವಾದ. ಅದರಲ್ಲೂ ತಾಪ ಎಷ್ಟಿದೆ ಎನ್ನುವುದಕ್ಕಿಂತ ಅದು ಎಷ್ಟು ಬೇಗ ಏರಿ ಎಷ್ಟು ಬೇಗ ಇಳಿಯುತ್ತದೆ ಎನ್ನುವುದೇ ದೋಷ ಎಲ್ಲಿದೆ ಎಂಬುದನ್ನು ಹೆಚ್ಚು ಖಚಿತವಾಗಿ ತೋರಿಸುತ್ತದೆ.

ವೇಗ ಸ್ವಲ್ಪ ಹೆಚ್ಚಿದರೂ ಸದ್ದು ಅಷ್ಟೊಂದು ಏರುವುದೇಕೆ? ಫ್ಯಾನುಗಳ ಸಾಮ್ಯ ನಿಯಮಗಳ ಪ್ರಕಾರ ಗಾಳಿಯ ಪ್ರಮಾಣ ವೇಗದ ಅನುಪಾತದಲ್ಲಿ ಏರುತ್ತದೆ, ಒತ್ತಡ ವೇಗದ ವರ್ಗದಂತೆ, ಬೇಕಾಗುವ ವಿದ್ಯುತ್ತು ಘನದಂತೆ. ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದ ಫ್ಯಾನು 2400ಕ್ಕೆ ಏರಿದರೆ ಸಿಗುವ ಗಾಳಿ ಎರಡರಷ್ಟು, ತಿನ್ನುವ ವಿದ್ಯುತ್ತು ಎಂಟರಷ್ಟು. ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ. 10 ಡೆಸಿಬಲ್ ಏರಿದರೇ ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳುತ್ತದೆ. ಅಂದರೆ ಶಾಖದ ದಾರಿಯಲ್ಲಿನ ಸಣ್ಣ ಅಡಚಣೆಯೂ ಕೋಣೆಯಲ್ಲಿ ದೊಡ್ಡ ಗದ್ದಲವಾಗಿ ಹೊರಬೀಳಬಹುದು. ತೊಂದರೆ ಪಡುವವರಿಗೆ ಇದು ಕಿರಿಕಿರಿಯೇ ಸರಿ, ಆದರೆ ಕಾರಣ ಹುಡುಕುವವರಿಗೆ ಇಷ್ಟು ಸೂಕ್ಷ್ಮವಾದ ಸೂಚಕ ಸಿಗುವುದು ಒಂದು ಅನುಕೂಲ.

ಮೊದಲ ಪ್ರಶ್ನೆ: ಫ್ಯಾನು ಜೋರಾಗಿರುವಾಗ ಪ್ರೊಸೆಸರ್ ನಿಜಕ್ಕೂ ಬಿಸಿಯಾಗಿದೆಯೆ? ಬಯಾಸ್ ಪರದೆಯಲ್ಲಾಗಲಿ, ತಾಪ ತೋರಿಸುವ ಯಾವುದೇ ಉಚಿತ ತಂತ್ರಾಂಶದಲ್ಲಾಗಲಿ ಇದನ್ನು ನೋಡಬಹುದು. ಪ್ರೊಸೆಸರ್ 40 ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗಿದ್ದು ಫ್ಯಾನು ಮಾತ್ರ ಪೂರ್ಣ ವೇಗದಲ್ಲಿದ್ದರೆ ಪೇಸ್ಟ್ ಹಚ್ಚಿ, ಧೂಳು ಹೊಡೆದು ಪ್ರಯೋಜನವಿಲ್ಲ, ಕೆಟ್ಟಿರುವುದು ನಿಯಂತ್ರಣ. ನಾಲ್ಕು ತಂತಿಯ ಫ್ಯಾನಿನಲ್ಲಿ ಒಂದು ನೆಲ, ಒಂದು 12 ವೋಲ್ಟ್, ಮೂರನೆಯದು ಸುತ್ತಿಗೆ ಎರಡು ಮಿಡಿತದ ಲೆಕ್ಕದಲ್ಲಿ ವೇಗವನ್ನು ಮದರ್‌ಬೋರ್ಡಿಗೆ ತಿಳಿಸುತ್ತದೆ, ನಾಲ್ಕನೆಯದು ಸುಮಾರು 25 ಕಿಲೋಹರ್ಟ್ಸ್‌ನ ಮಿಡಿತಗಳಲ್ಲಿ ಆಜ್ಞೆಯನ್ನು ತರುತ್ತದೆ. ಆ ನಾಲ್ಕನೆಯ ತಂತಿ ಕಡಿದರೆ ಅಥವಾ ಸಡಿಲಾದರೆ ಫ್ಯಾನು ನಿಲ್ಲುವುದಿಲ್ಲ, ಪೂರ್ಣ ವೇಗಕ್ಕೆ ಹೋಗುತ್ತದೆ. ಆಜ್ಞೆ ಬಾರದಿದ್ದಾಗ ಯಂತ್ರ ಸುಡುವುದಕ್ಕಿಂತ ಸದ್ದಾಗುವುದು ಮೇಲು ಎಂಬ ಲೆಕ್ಕಾಚಾರದಲ್ಲೇ ಹಾಗೆ ರೂಪಿಸಿದ್ದಾರೆ. ಮೂರು ತಂತಿಯ ಹಳೆಯ ಫ್ಯಾನನ್ನು ನಾಲ್ಕು ಪಿನ್ನಿನ ಜಾಗಕ್ಕೆ ಸಿಕ್ಕಿಸಿ, ಬಯಾಸ್‌ನಲ್ಲಿ ವೋಲ್ಟೇಜ್ ನಿಯಂತ್ರಣಕ್ಕೆ ಬದಲಾಯಿಸದೆ ಬಿಟ್ಟರೂ ಇದೇ ಗತಿ. 2011ರ ಐಮ್ಯಾಕ್ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಹಾರ್ಡ್ ಡಿಸ್ಕಿನ ತಾಪ ವಿಶೇಷ ಏಳು ಪಿನ್ನಿನ ವಿದ್ಯುತ್ ಕೇಬಲಿನ ಮೂಲಕ ನಿಯಂತ್ರಕಕ್ಕೆ ತಲುಪುತ್ತಿತ್ತು. ಬೇರೆ ಡಿಸ್ಕ್ ಹಾಕಿದರೆ ಆ ಸುದ್ದಿಯೇ ಬಾರದೆ ಡಿಸ್ಕಿನ ಫ್ಯಾನು ಪೂರ್ಣ ವೇಗ ಹಿಡಿಯುತ್ತಿತ್ತು. ಡಿಸ್ಕಿನಲ್ಲೂ ದೋಷವಿಲ್ಲ, ಫ್ಯಾನಿನಲ್ಲೂ ಇಲ್ಲ.

ಪ್ರೊಸೆಸರ್ ನಿಜಕ್ಕೂ ಬಿಸಿಯಾಗಿದ್ದರೆ ಎರಡನೆಯ ಪ್ರಶ್ನೆ ಏಳುತ್ತದೆ, ಹೆಚ್ಚು ನಿಧಾನಿಸಬೇಕಾದದ್ದು ಇಲ್ಲೇ. ಶಾಖ ಸಿಲಿಕಾನಿನಿಂದ ಹೊರಟು ಮೇಲಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಪೇಸ್ಟಿನ ತೆಳು ಪದರ ದಾಟಿ ಹೀಟ್‌ಸಿಂಕಿಗೆ, ಕೊನೆಗೆ ಗಾಳಿಗೆ ಸೇರಬೇಕು. ಈ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನು ಯಂತ್ರವನ್ನು ಬಿಚ್ಚದೆಯೇ ಬಹುಮಟ್ಟಿಗೆ ಹೇಳಬಹುದು. ಯಂತ್ರವನ್ನು ಸುಮ್ಮನೆ ಬಿಟ್ಟು ತಾಪ ಸ್ಥಿರವಾದ ಮೇಲೆ ಭಾರದ ಕೆಲಸವೊಂದನ್ನು, ಉದಾಹರಣೆಗೆ ದೊಡ್ಡ ವಿಡಿಯೊ ಕಡತದ ಪರಿವರ್ತನೆಯನ್ನು ಶುರುಮಾಡಿ ಅಂಕಿಯನ್ನೇ ನೋಡುತ್ತ ಕೂರಬೇಕು. ಒಂದೆರಡು ಸೆಕೆಂಡುಗಳಲ್ಲಿ 90 ದಾಟಿ, ಕೆಲಸ ನಿಲ್ಲಿಸಿದ ಕ್ಷಣವೇ ಧಡಕ್ಕನೆ ಇಳಿದರೆ ಶಾಖ ಹೀಟ್‌ಸಿಂಕನ್ನು ಮುಟ್ಟುತ್ತಲೇ ಇಲ್ಲ; ಚಿಪ್ಪು ಮತ್ತು ಹೀಟ್‌ಸಿಂಕಿನ ನಡುವೆಯೇ ದೋಷ. ಆಗ ಹೊರಬರುವ ಗಾಳಿಗೆ ಕೈಯೊಡ್ಡಿದರೆ ಅದು ತಣ್ಣಗೇ ಇರುತ್ತದೆ. ತಾಪ ಹಲವು ನಿಮಿಷಗಳಲ್ಲಿ ಮೆಲ್ಲಗೆ ಏರಿ ಮೆಲ್ಲಗೇ ಇಳಿದರೆ ಲೋಹದವರೆಗಿನ ದಾರಿ ಸರಿಯಿದೆ, ಗಾಳಿ ಸಾಲುತ್ತಿಲ್ಲ ಎಂದರ್ಥ. ಹೊಸ ಯಂತ್ರಗಳಲ್ಲಿ ಪ್ರೊಸೆಸರಿನ ವೇಗವನ್ನು ತಾತ್ಕಾಲಿಕವಾಗಿ ಏರಿಸುವ ಟರ್ಬೊ ಸೌಲಭ್ಯದಿಂದಾಗಿ ಮೊದಲ ಕ್ಷಣದಲ್ಲಿ ಒಂದಷ್ಟು ಜಿಗಿತ ಸಹಜವಾಗಿಯೇ ಇರುವುದರಿಂದ ಏರಿಕೆಗಿಂತ ಹೊರಬರುವ ಗಾಳಿಯ ಸಾಕ್ಷ್ಯಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಸಂಪರ್ಕ ಕೆಟ್ಟಾಗ ಇಷ್ಟು ರಭಸವೇಕೆ ಎಂಬುದಕ್ಕೆ ಉತ್ತರ ಪದಾರ್ಥಗಳ ಗುಣದಲ್ಲಿದೆ. ತಾಮ್ರದ ಉಷ್ಣವಾಹಕತೆ ಸುಮಾರು 400 ಘಟಕವಾದರೆ ಸಾಧಾರಣ ಪೇಸ್ಟಿನದು ಒಂದಂಕಿಯಷ್ಟು, ನಿಂತ ಗಾಳಿಯದು ಬರೀ 0.026. ಕೂದಲಿನಷ್ಟು ತೆಳುವಾದ ಗಾಳಿಯ ಪದರವೂ ಗೋಡೆಯಾಗಿ ನಿಲ್ಲಲು ಇಷ್ಟು ಸಾಕು. 2004ರಲ್ಲಿ ಬಂದ ಎಲ್‌ಜಿಎ 775 ಸಾಕೆಟ್ಟಿನ ಇಂಟೆಲ್ ಕೂಲರುಗಳನ್ನು ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಿಂದ ಬೋರ್ಡಿಗೆ ಒತ್ತಿ ಕೂರಿಸುತ್ತಿದ್ದರು. ಆ ಪದ್ಧತಿ ಮುಂದಿನ ಸಾಕೆಟ್ಟುಗಳಿಗೂ ದಾಟಿತು. ಪಿನ್ನಿನ ಕೊನೆ ಸೀಳಿರುತ್ತದೆ, ನಡುವಿನ ಕಪ್ಪು ಕಡ್ಡಿ ಕೆಳಗಿಳಿದರೆ ಸೀಳು ಅಗಲವಾಗಿ ಬೋರ್ಡಿನ ಹಿಂಬದಿಯನ್ನು ಕಚ್ಚಿಕೊಳ್ಳುತ್ತದೆ. ನಾಲ್ಕರಲ್ಲಿ ಒಂದು ಕಚ್ಚದಿದ್ದರೂ ಮೇಲಿನಿಂದ ನೋಡಿದರೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ. ಬೆರಳಿನಿಂದ ಮೂಲೆಯನ್ನು ಮೆಲ್ಲಗೆ ಅಲುಗಿಸಿದಾಗ ಮಾತ್ರ ಆ ಕಡೆ ಹೀಟ್‌ಸಿಂಕ್ ತುಸು ಎದ್ದಿರುವುದು ತಿಳಿಯುತ್ತದೆ. ಕ್ಯಾಬಿನೆಟ್ಟನ್ನು ಮನೆಯಿಂದ ಮನೆಗೆ ಸಾಗಿಸಿದ ಮೇಲೆ ಸದ್ದು ಶುರುವಾಗಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಬಿಚ್ಚಿ ಕೂರಿಸುವುದಾದರೆ ಹಳೆಯ ಪೇಸ್ಟನ್ನು ಪೂರ್ತಿ ಒರೆಸಿ ಹೊಸದನ್ನು ಹಚ್ಚಲೇಬೇಕು.

ನಿಧಾನವಾಗಿ ಏರುವ ತಾಪದ ಹಿಂದೆ ಸಾಮಾನ್ಯವಾಗಿ ಇರುವುದು ಧೂಳು. ಲ್ಯಾಪ್‌ಟಾಪಿನಲ್ಲಿ ಅದು ಕುಳಿತುಕೊಳ್ಳುವ ಜಾಗ ಹೊರಗಿನಿಂದ ಕಾಣುವುದಿಲ್ಲ. ಫ್ಯಾನು ಗಾಳಿ ತಳ್ಳುವ ಬಾಯಿಗೂ ಲೋಹದ ಸಣ್ಣ ರೆಕ್ಕೆಗಳ ಸಾಲಿಗೂ ನಡುವೆ ಬಟ್ಟೆಯ ನೂಲು, ಕೂದಲು, ಪುಡಿ ಧೂಳು ಸೇರಿ ಬೂದು ಬಣ್ಣದ ದಟ್ಟ ಪದರ ಬೆಳೆಯುತ್ತದೆ. ಚಿಮಟದಿಂದ ಹಿಡಿದೆಳೆದರೆ ಒಂದೇ ತುಂಡಾಗಿ ಬರುತ್ತದೆ. ಹೊರಗಿನ ಜಾಲರಿಯಿಂದ ಗಾಳಿ ಊದಿದರೆ ಈ ಪದರ ಹಿಂದಕ್ಕೆ ಸರಿದು ಮತ್ತೆ ಅಲ್ಲಿಗೇ ಬಂದು ಕೂರುತ್ತದೆ. ಅಡುಗೆಮನೆಗೆ ಹೊಂದಿಕೊಂಡ ಕೋಣೆಯಾದರೆ ಒಗ್ಗರಣೆಯ ಹೊಗೆಯ ಜಿಡ್ಡು ಧೂಳನ್ನು ಅಂಟಿಸಿಬಿಡುತ್ತದೆ, ಅದಕ್ಕೆ ಕುಂಚವೇ ಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು. ಇಲ್ಲದಿದ್ದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗನ್ನು ಕೆಡಿಸುತ್ತದೆ, ಸೈಕಲ್ಲಿನ ಡೈನಮೊದಂತೆ ವಿದ್ಯುತ್ತನ್ನು ಬೋರ್ಡಿನ ಕಡೆಗೆ ತಳ್ಳಲೂಬಹುದು.

ದಾರಿ ಸರಿಯಿದ್ದೂ ಶಾಖವೇ ಹೆಚ್ಚು ಹುಟ್ಟುತ್ತಿರಬಹುದು. ಟಾಸ್ಕ್ ಮ್ಯಾನೇಜರ್ ತೆರೆದರೆ ಹಿನ್ನೆಲೆಯಲ್ಲಿ ಓಡುತ್ತಿರುವ ಅಪ್‌ಡೇಟ್, ವೈರಸ್ ತಪಾಸಣೆ, ಬ್ರೌಸರಿನ ಮರೆತುಹೋದ ಪುಟ, ಕೆಲವೊಮ್ಮೆ ಗೊತ್ತಾಗದಂತೆ ಕ್ರಿಪ್ಟೊ ನಾಣ್ಯ ಗಣಿಸುವ ದುರುದ್ದೇಶದ ತಂತ್ರಾಂಶ ಸಿಕ್ಕಿಬೀಳುತ್ತದೆ.

ತಾಪವೂ ಕಡಿಮೆ, ವೇಗವೂ ಕಡಿಮೆ, ಆದರೂ ಗರಗರ ಸದ್ದು ಎಂದಾದರೆ ಆಗ ಮಾತ್ರ ಫ್ಯಾನು ಆರೋಪಿ. ತಣ್ಣನೆಯ ಬೆಳಿಗ್ಗೆ ಆನ್ ಮಾಡಿದಾಗ ಗೊರಗುಟ್ಟಿ, ಬಿಸಿಯೇರಿದ ಮೇಲೆ ಸುಮ್ಮನಾದರೆ ಬೇರಿಂಗಿನ ಎಣ್ಣೆ ಆರುತ್ತಿದೆ. ಫ್ಯಾನು ಬದಲಿಸುವುದೇ ಸರಿ. ಲಯಬದ್ಧವಾದ ಟಕಟಕ ಕೇಳಿದರೆ ರೆಕ್ಕೆಗೆ ಕೇಬಲ್ ತಾಗುತ್ತಿದೆಯೇ ನೋಡಬೇಕು.

ಇನ್ನು ಊರು ಮತ್ತು ಮೇಜು. ಪ್ರೊಸೆಸರಿನ ತಾಪ ಎಂದರೆ ಕೋಣೆಯ ತಾಪಕ್ಕೆ ವಿದ್ಯುತ್ತು ಮತ್ತು ಉಷ್ಣರೋಧದ ಗುಣಲಬ್ಧವನ್ನು ಕೂಡಿದ್ದು. 65 ವ್ಯಾಟ್ ಪ್ರೊಸೆಸರನ್ನು 70 ಡಿಗ್ರಿಯಲ್ಲಿ ಇಡಬೇಕೆಂದರೆ ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ ವ್ಯಾಟಿಗೆ 0.69 ಡಿಗ್ರಿಯಷ್ಟು ರೋಧವಿದ್ದರೂ ನಡೆಯುತ್ತದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಕೋಣೆಯೇ 40 ಡಿಗ್ರಿಗೆ ಬಂದರೆ ರೋಧ 0.46ಕ್ಕೆ ಇಳಿಯಬೇಕು, ಅದನ್ನು ಇಳಿಸುವುದು ಫ್ಯಾನಿನ ವೇಗವೇ. ಕಂಪ್ಯೂಟರ್ ಮೇಜಿನ ಮರದ ಗೂಡಿನೊಳಗೆ ಕ್ಯಾಬಿನೆಟ್ಟನ್ನು ತುರುಕಿ, ಹಿಂಬದಿ ಗೋಡೆಗೆ ತಾಗಿಸಿಟ್ಟರೆ ಬೆಂಗಳೂರಿನಲ್ಲೂ ಅದೇ ಹವೆ ಸೃಷ್ಟಿಯಾಗುತ್ತದೆ: ಯಂತ್ರ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಉಸಿರಾಡುತ್ತದೆ. ಅದನ್ನು ಗೂಡಿನಿಂದ ಹೊರಗಿಡುವುದಕ್ಕೆ ಖರ್ಚಿಲ್ಲ. ಬಿಸಿಲುನಾಡಿನ ಬೇಸಿಗೆಗೆ ಇನ್ನೊಂದು ಉಪಾಯವೂ ಇದೆ. ಚಿಪ್ಪಿನ ವಿದ್ಯುತ್ ಬಳಕೆ ಆವರ್ತನದ ಜೊತೆಗೆ ವೋಲ್ಟೇಜಿನ ವರ್ಗದಂತೆಯೂ ಏರುವುದರಿಂದ ಟರ್ಬೊ ವೇಗದ ಕೊನೆಯ ಪಾಲು ಬಹಳ ದುಬಾರಿ. ವಿಂಡೋಸ್‌ನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಬಹಳಷ್ಟು ಯಂತ್ರಗಳಲ್ಲಿ ಟರ್ಬೊ ನಿಲ್ಲುತ್ತದೆ. ಬರವಣಿಗೆ, ಲೆಕ್ಕಪತ್ರ, ಪಾಠದ ವಿಡಿಯೊ ಇಂಥ ಕೆಲಸಗಳಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಮಳೆ ಹಿಡಿದ ಮೇಲೆ ಮತ್ತೆ 100ಕ್ಕೆ ಏರಿಸಿಕೊಂಡರಾಯಿತು.