‘ಕಥೋಲಿಕ’ ಶಬ್ದದ ಥಕಾರ

 ನಮ್ಮ ಇಗರ್ಜಿಯನ್ನು ಕಟ್ಟಿ ಬೆಳೆಸಿದ ಹಿರಿಯರೂ ಗುರುವರ್ಯರೂ ಬಿಟ್ಟುಹೋದ ಆಸ್ತಿಯಲ್ಲಿ ಕಲ್ಲು, ಮರ, ಗಂಟೆಗಳಂತೆ ಶಬ್ದಗಳೂ ಸೇರಿವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಕನ್ನಡ, ಕೊಂಕಣಿ, ತುಳು, ತಮಿಳು ಮಾತನಾಡುವ ಭಕ್ತರು ಒಂದೇ ಬಲಿಪೀಠದ ಮುಂದೆ ಮೊಣಕಾಲೂರುತ್ತಾರೆ. ಇವರೆಲ್ಲರ ಧರ್ಮಶಬ್ದಗಳಲ್ಲಿ ಹಲವು ಗ್ರೀಕ್ ಮೂಲದವು. ಉಚ್ಚಾರಣೆ ಮಾಸಿದರೂ ಬರವಣಿಗೆ ಆ ಮೂಲದ ಗುರುತನ್ನು ಉಳಿಸಿಕೊಂಡಿದೆ.

ಮೊದಲು ನಮ್ಮ ಹೆಸರನ್ನೇ ನೋಡೋಣ. ‘ಕಥೋಲಿಕ’ವನ್ನು ಆಮಂತ್ರಣ ಪತ್ರಗಳಲ್ಲಿಯೂ ಫಲಕಗಳಲ್ಲಿಯೂ ‘ಕತೋಲಿಕ’ ಎಂದು ಬರೆಯುವುದುಂಟು. ಇದು ಅಲ್ಪ ವ್ಯತ್ಯಾಸವೆಂದು ತೋರಬಹುದು. ಆದರೆ ಶಬ್ದದ ಅರ್ಥವೇ ಆ ಮಹಾಪ್ರಾಣದಲ್ಲಿದೆ. ಗ್ರೀಕಿನಲ್ಲಿ ‘ಕತಾ’ ಎಂದರೆ ‘ಅನುಸಾರವಾಗಿ’. ‘ಹೋಲೋಸ್’ ಎಂದರೆ ‘ಇಡಿಯಾದುದು’. ಇವೆರಡೂ ಕೂಡುವಾಗ ‘ಕತಾ’ದ ಕೊನೆಯ ಸ್ವರ ಲೋಪವಾಗಿ, ತಕಾರಕ್ಕೆ ಹಕಾರ ಸೇರಿ ಥಕಾರವಾಯಿತು. ‘ತತ್’ ಮತ್ತು ‘ಹಿತ’ ಸೇರಿ ‘ತದ್ಧಿತ’ವಾಗುವುದನ್ನು ಬಲ್ಲ ನಮಗೆ ಈ ಸಂಧಿ ಹೊಸದಲ್ಲ. ‘ಕತೋಲಿಕ’ ಎಂದು ಬರೆದರೆ ಬಿಟ್ಟುಹೋಗುವುದು ‘ಇಡಿ’ ಎಂಬ ಆ ಮಾತಿನ ಉಸಿರೇ. ಧರ್ಮಸಭೆಗೆ ಈ ವಿಶೇಷಣವನ್ನು ಬಳಸಿದ, ಉಳಿದುಬಂದಿರುವ ಅತಿ ಹಳೆಯ ಬರಹ ಅಂತಿಯೋಕ್ಯದ ಧರ್ಮಾಧ್ಯಕ್ಷರಾಗಿದ್ದ ಸಂತ ಇಗ್ನಾಸಿಯವರು 2ನೆಯ ಶತಮಾನದ ಆರಂಭದಲ್ಲಿ ಸ್ಮುರ್ನದವರಿಗೆ ಬರೆದ ಪತ್ರ.

ಪ್ರಾಚೀನ ಗ್ರೀಕಿನಲ್ಲಿ ಥ, ಖ ಹಾಗೂ ಮಹಾಪ್ರಾಣ ಪಕಾರಗಳಿಗೆ ಒಂದೊಂದು ಅಕ್ಷರವಿತ್ತು. ಅಂಥ ಅಕ್ಷರಗಳಿಲ್ಲದ ರೋಮನರು ಟಿ, ಸಿ, ಪಿಗಳ ಪಕ್ಕದಲ್ಲಿ ಎಚ್ ಇಟ್ಟು ಬರೆದರು. ಆಂಗ್ಲರು ಆ ರೂಢಿಯನ್ನು ಉಳಿಸಿಕೊಂಡರು; ಪೋರ್ಚುಗೀಸರು 1911ರ ಲಿಪಿಸುಧಾರಣೆಯಲ್ಲಿ ಅದನ್ನು ಕೈಬಿಟ್ಟರು. ಕನ್ನಡಕ್ಕಾದರೋ ಮಹಾಪ್ರಾಣಾಕ್ಷರಗಳು ಸಿದ್ಧವಾಗಿಯೇ ಇದ್ದವು. ಆದುದರಿಂದ ಫಿಲಿಪ್, ಸ್ಟೀಫನ್ ಎಂಬ ಹೆಸರುಗಳ ಫಕಾರ ಗ್ರೀಕ್ ಅಕ್ಷರದ ಸ್ಥಾನದಲ್ಲಿಯೇ ನಿಂತಿದೆ. ‘ಕ್ರಿಸ್ತ’ದಲ್ಲಿ ಮಾತ್ರ ಖಕಾರ ಉಳಿಯಲಿಲ್ಲ, ಮರಾಠಿಯವರು ಇಂದಿಗೂ ‘ಖ್ರಿಸ್ತ’ ಎಂದೇ ಬರೆಯುತ್ತಾರೆ. ಆದರೂ ಶಿವನಿಂದ ಶೈವ ಬಂದಂತೆ ಕ್ರಿಸ್ತನಿಂದ ‘ಕ್ರೈಸ್ತ’ವನ್ನು ಪಡೆದು ನಾವು ಆ ಶಬ್ದವನ್ನು ಸ್ವಂತದ್ದಾಗಿಸಿಕೊಂಡಿದ್ದೇವೆ.

‘ಯೇಸು’ ಎಂಬ ಪವಿತ್ರ ನಾಮವೂ ಗ್ರೀಕಿನ ಹಾದಿಯಲ್ಲಿಯೇ ನಮ್ಮನ್ನು ತಲುಪಿತು. ಮೂಲದಲ್ಲಿ ಅದು ‘ಯೇಶೂವ’. ಗ್ರೀಕಿನಲ್ಲಿ ಶಕಾರವಿಲ್ಲದುದರಿಂದ ಸಕಾರ ಬಂದಿತು. ಕನ್ನಡದಲ್ಲಿ ಶಕಾರವಿದ್ದರೂ ನಾವು ಸಕಾರವನ್ನೇ ಬರೆಯುತ್ತೇವೆ. ಪೂಜಾವಸ್ತ್ರಗಳ ಮೇಲೆ ಕಸೂತಿ ಹಾಕಿರುವ ‘ಐ ಎಚ್ ಎಸ್’ ಅಕ್ಷರಗಳು ಆಂಗ್ಲವೆಂದು ಹಲವರು ಭಾವಿಸಿದ್ದಾರೆ. ಅವು ಗ್ರೀಕಿನಲ್ಲಿ ಯೇಸುನಾಮದ ಮೊದಲ ಮೂರಕ್ಷರಗಳು. ನಡುವಿನದು ಎಚ್ ಅಲ್ಲ, ದೀರ್ಘ ಏಕಾರ.

ಹಾಗೆಂದು ಫಕಾರವಿರುವುದೆಲ್ಲ ಗ್ರೀಕ್ ಎನ್ನಲಾಗದು. ತೋಟಕ್ಕೆ ಹಾಕುವ ‘ಫಾಸ್ಫೇಟ್’ ಗೊಬ್ಬರದ ಎರಡು ಫಕಾರಗಳೂ ಗ್ರೀಕಿನವು. ‘ಬೆಳಕನ್ನು ಹೊರುವುದು’ ಎಂಬರ್ಥದ ಶಬ್ದದಿಂದ ಬಂದವು. ಅದೇ ತೋಟದ ‘ಕಾಫಿ’ ಅರಬ್ಬಿಯ ‘ಕಹ್ವ’. ಬಾಬಾ ಬುಡನ್ ಅವರು ಕಾಫಿಬೀಜವನ್ನು ಅರಬ್ ನಾಡಿನಿಂದ ತಂದರೆಂಬ ಐತಿಹ್ಯಕ್ಕೆ ಹೆಸರೂ ಒಪ್ಪುತ್ತದೆ.

ಇನ್ನು ನಮ್ಮ ಇಗರ್ಜಿಯ ಹೆಸರುಗಳು. ‘ಇಗರ್ಜಿ’ ಪೋರ್ಚುಗೀಸರ ಮೂಲಕ ಬಂದ ‘ಎಕ್ಲೇಸಿಯ’, ಎಂದರೆ ಕರೆದು ಕೂಡಿಸಿದ ಸಭೆ. ‘ಚರ್ಚು’ ‘ಕುರಿಯಕೋನ್’ ಶಬ್ದದಿಂದ ಬಂದುದು. ಪ್ರಭುವಿಗೆ ಸೇರಿದುದೆಂದು ಅದರ ಅರ್ಥ. ಅಚ್ಚ ಸಂಸ್ಕೃತವೆಂದು ತೋರುವ ‘ಧರ್ಮಕೇಂದ್ರ’ದಲ್ಲಿಯೂ ಜ್ಯೋತಿಷ್ಯದ ಮೂಲಕ ಪ್ರಾಚೀನ ಕಾಲದಲ್ಲಿಯೇ ಬಂದ ‘ಕೆಂತ್ರೋನ್’ ಅಡಗಿದೆ. ‘ಪ್ಯಾರಿಷ್’ ಎಂಬುದರ ಮೂಲ ‘ಪರೋಯ್ಕಿಯ’, ಅಂದರೆ ಪರವೂರಿನಲ್ಲಿ ಬಿಡಾರ ಹೂಡಿದವರ ವಾಸ. ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ವಿಶ್ವಾಸಿಗಳನ್ನು ಇದೇ ಧಾತುವಿನ ಶಬ್ದದಿಂದ ಸಂಬೋಧಿಸಿದ್ದಾರೆ. ಕೂಲಿಗಾಗಿಯೋ ಬೇಸಾಯಕ್ಕಾಗಿಯೋ ಘಟ್ಟವೇರಿ ಬಂದು ಕಾಫಿತೋಟಗಳಲ್ಲಿ ನೆಲೆಸಿದ ನಮ್ಮ ಪೂರ್ವಜರಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ?

ಇನ್ನು ಮುಂದೆ ಜ್ಞಾನಸ್ನಾನದ ದಾಖಲೆಯಲ್ಲಾಗಲಿ ಸಮಾಧಿಯ ಕಲ್ಲಿನ ಮೇಲಾಗಲಿ ಹೆಸರು ಬರೆಸುವಾಗ ಒಂದೊಂದು ಅಕ್ಷರವನ್ನೂ ಗಮನಿಸೋಣ. ‘ಕಥೋಲಿಕ’ದ ಥಕಾರವನ್ನು ಮಕ್ಕಳಿಗೆ ಕಲಿಸೋಣ. ಭಾಷೆ ಹಲವಾದರೂ ಸಭೆ ಇಡಿಯಾದುದೆಂಬ ಮಾತು ಅದರಲ್ಲಿದೆ.