ಮರದ ಪೆನ್ನಿನ ಮೇಲೆ ಕಂಪನಿ ಲೋಗೋ: ಚನ್ನಪಟ್ಟಣಕ್ಕೆ ಆರ್ಡರ್ ಕೊಡುವ ಮುನ್ನ ಇದು ಗೊತ್ತಿರಲಿ

ದೀಪಾವಳಿ ಹತ್ತಿರ ಬಂತೆಂದರೆ ಕಂಪನಿಗಳು ಉಡುಗೊರೆ ಹುಡುಕತೊಡಗುತ್ತವೆ. ಆ ಪಟ್ಟಿಯಲ್ಲಿ ಕೈಯಿಂದ ಮಾಡಿದ ಮರದ ಪೆನ್ನೂ ಇದೆ. ಬೊಂಬೆಗಳಿಗೆ ಜಿಐ ಟ್ಯಾಗ್ ಪಡೆದಿರುವ ಚನ್ನಪಟ್ಟಣದಲ್ಲಿ ಇಂಥ ಪೆನ್ನುಗಳೂ ತಯಾರಾಗುತ್ತವೆ. ಆದರೆ ಇವುಗಳ ಮೇಲೆ ಲೋಗೋ ಹಾಕಿಸುವುದು ಪ್ಲಾಸ್ಟಿಕ್ ಪೆನ್ನಿನಷ್ಟು ಸಲೀಸಲ್ಲ.

ಕಾರಣ ಅರಗು. ಲೇತ್‌ನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅದು ಕರಗಿ ಅಂಟಿಕೊಳ್ಳುತ್ತದೆ. ಸುಮಾರು 75 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಮೆದುವಾಗುವ ಈ ಪದರದ ಮೇಲೆ ಲೇಸರ್ ಹರಿಸಿದರೆ ಅಕ್ಷರಗಳ ಅಂಚು ಕದಡಿಹೋಗಬಹುದು. ಹಾಗಾಗಿ ಪೆನ್ನಿನ ಮೈಯಲ್ಲಿ ಒಂದು ಪಟ್ಟಿಯಷ್ಟು ಜಾಗಕ್ಕೆ ಅರಗು ಹಚ್ಚದೆ ಬಿಡಿಸಿ, ಅಲ್ಲೇ ಕೆತ್ತಿಸುವುದು ಜಾಣತನ. ಆಲೆ ಮರ ತಿಳಿ ಬಣ್ಣದ್ದು, ಸುಟ್ಟ ಕಂದು ಗೆರೆ ಎದ್ದು ಕಾಣುತ್ತದೆ. ಬೀಟೆ ಮರದಲ್ಲಾದರೆ ಅದೇ ಲೋಗೋ ಮಸುಕು.

ಲೇಸರ್‌ನಲ್ಲಿ ಕಂಪನಿಯ ಕೆಂಪು, ನೀಲಿ ಬರುವುದಿಲ್ಲ. ಬಣ್ಣ ಬೇಕೇ ಬೇಕೆಂದರೆ ಪ್ಯಾಡ್ ಪ್ರಿಂಟಿಂಗ್ ಇದೆ. ಪ್ರತಿ ಬಣ್ಣಕ್ಕೂ ಬೇರೆ ಪ್ಲೇಟ್ ಬೇಕಾದ್ದರಿಂದ ಹತ್ತಿಪ್ಪತ್ತು ಪೆನ್ನಿಗೆ ದುಬಾರಿ, ಬೆರಳು ಹಿಡಿಯುವ ಜಾಗದಲ್ಲಿ ಬೇಗ ಸವೆಯುತ್ತದೆ ಕೂಡ.

ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ಸಾಲದು, ವೆಕ್ಟರ್ ಫೈಲ್ ಕೊಡಿ. ಲೋಗೋ ಕೆಳಗಿನ ಪುಟಾಣಿ ಘೋಷವಾಕ್ಯವನ್ನು ಕೈಬಿಡಿ, ದುಂಡು ಮೈಮೇಲೆ ಅದನ್ನು ಯಾರೂ ಓದಲಾರರು.

ಒಂದು ಸ್ಯಾಂಪಲ್ ನೋಡಿ ಒಪ್ಪಿದ ಮೇಲೆಯೇ ಉಳಿದವಕ್ಕೆ ಹೂಂ ಅನ್ನಿ. ಒಬ್ಬರ ಲೋಗೋ ಬಿದ್ದ ಪೆನ್ನನ್ನು ಇನ್ನೊಬ್ಬರಿಗೆ ಮಾರಲಾಗದು. ಕೊನೆ ಗಳಿಗೆಯಲ್ಲಿ ಆರ್ಡರ್ ರದ್ದಾದರೆ ಮರ, ಅರಗು, ವಾರಗಳ ದುಡಿಮೆ ಎಲ್ಲವೂ ಕುಶಲಕರ್ಮಿಯ ತಲೆಗೇ. ಮುಂಗಡ ಕೇಳಿದರೆ ಚೌಕಾಸಿ ಮಾಡದಿರಿ.