ಜಿನೀವಾದ ಬಾಗಿಲು ತಟ್ಟೋದು ಹೇಗೆ? ಹಕ್ಕುಗಳ ಹೋರಾಟಗಾರರಿಗೆ ರಾಜತಾಂತ್ರಿಕ ತರಬೇತಿ ಯಾಕೆ ಬೇಕು

1975ರ ಡಿಸೆಂಬರ್ 7ರಂದು ಇಂಡೊನೇಷ್ಯಾ ಸೇನೆ ಪೂರ್ವ ಟಿಮೋರ್‌ಗೆ ನುಗ್ಗಿತು. ಪೋರ್ಚುಗೀಸರ ವಸಾಹತಾಗಿದ್ದ ಆ ಪುಟ್ಟ ನಾಡು ತಾನು ಸ್ವತಂತ್ರ ಅಂತ ಘೋಷಿಸಿಕೊಂಡು ಆಗಿನ್ನೂ ಒಂಬತ್ತು ದಿನ. ಅದರ ವಿದೇಶಾಂಗ ಸಚಿವ ಜೋಸೆ ರಾಮೋಸ್ ಹೋರ್ಟಾ ಅವರಿಗೆ ವಯಸ್ಸು 25. ದಾಳಿಗೆ ಕೆಲವೇ ದಿನ ಮೊದಲು ದೇಶ ಬಿಟ್ಟಿದ್ದ ಅವರು ನ್ಯೂಯಾರ್ಕ್‌ಗೆ ಹೋಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಮಾತಾಡಿದರು. ಸೇನೆ ವಾಪಸ್ ಹೋಗಬೇಕು ಅಂತ ಮಂಡಳಿ ಡಿಸೆಂಬರ್ 22ರಂದು ನಿರ್ಣಯವನ್ನೂ ಮಾಡಿತು. ಸೇನೆ ಮಾತ್ರ ಹೋಗಲಿಲ್ಲ.

ಮುಂದಿನ ವರ್ಷಗಳಲ್ಲಿ ಅವರು ಕಲಿತದ್ದು ಲೆಕ್ಕದ ಪಾಠ. ಟಿಮೋರ್ ಪರವಾದ ನಿರ್ಣಯಕ್ಕೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 1975ರಲ್ಲಿ 72 ದೇಶಗಳು ಮತ ಹಾಕಿದ್ದವು, ವಿರೋಧಿಸಿದ್ದು 10. 1982ರ ಹೊತ್ತಿಗೆ ಪರ 50, ವಿರೋಧ 46. ಟಿಮೋರ್‌ನಲ್ಲಿ ಅನ್ಯಾಯ ಕಡಿಮೆಯಾಗಿರಲಿಲ್ಲ, ಇಂಡೊನೇಷ್ಯಾದ ಲಾಬಿ ಜೋರಾಗಿತ್ತು ಅಷ್ಟೇ. ನ್ಯಾಯ ನಮ್ಮ ಕಡೆ ಇದ್ದರೆ ಸಾಲದು, ಆ ಸಭೆ ಹೇಗೆ ನಡೆಯುತ್ತೆ ಅಂತಲೂ ಗೊತ್ತಿರಬೇಕು.

ಈ ಅನುಭವದಿಂದಲೇ 1989ರಲ್ಲಿ ರಾಮೋಸ್ ಹೋರ್ಟಾ ಮತ್ತು ಕಾನೂನು ಪ್ರಾಧ್ಯಾಪಕ ಗಾರ್ತ್ ನೆಟ್‌ಹೈಮ್ ಸೇರಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ 'ಡಿಪ್ಲೊಮಸಿ ಟ್ರೈನಿಂಗ್ ಪ್ರೋಗ್ರಾಂ' ಶುರು ಮಾಡಿದರು. ಏಷ್ಯಾ ಮತ್ತು ಪೆಸಿಫಿಕ್ ಭಾಗದ ಕಾರ್ಯಕರ್ತರಿಗೆ ಅಂತರರಾಷ್ಟ್ರೀಯ ಕಾನೂನು, ವಿಶ್ವಸಂಸ್ಥೆಯ ವ್ಯವಸ್ಥೆ, ಲಾಬಿಯ ಕೌಶಲ ಕಲಿಸೋದು ಅದರ ಉದ್ದೇಶ. 1996ರಲ್ಲಿ ರಾಮೋಸ್ ಹೋರ್ಟಾ ಅವರಿಗೆ ಬಿಷಪ್ ಬೆಲೊ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1999ರ ಜನಮತದಲ್ಲಿ ಶೇ 78.5ರಷ್ಟು ಟಿಮೋರ್ ಜನ ಸ್ವಾತಂತ್ರ್ಯದ ಕಡೆ ನಿಂತರು. 2002ರಲ್ಲಿ ದೇಶ ಸ್ವತಂತ್ರವಾಯಿತು.

ಅಲ್ಲಿ ಕಲಿಸೋದೇನು?

ಇಂಥ ತರಬೇತಿಗಳು ಈಗ ಹಲವು ಕಡೆ ನಡೆಯುತ್ತವೆ. ಎಲ್ಲದರ ತಿರುಳು ಹೆಚ್ಚುಕಡಿಮೆ ಒಂದೇ.

ಮೊದಲನೆಯದು, ನಮ್ಮ ಸರ್ಕಾರ ಜಗತ್ತಿಗೆ ಏನೇನು ಮಾತು ಕೊಟ್ಟಿದೆ ಅಂತ ತಿಳಿಯೋದು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ ಭಾರತ 1979ರಲ್ಲಿ ಸೇರಿದೆ. ಮಹಿಳೆಯರ ವಿರುದ್ಧದ ತಾರತಮ್ಯ ತೊಡೆಯುವ ಒಪ್ಪಂದವನ್ನು 1993ರಲ್ಲಿ ಅನುಮೋದಿಸಿದೆ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ. ಸಹಿ ಅಂದ್ರೆ ಉದ್ದೇಶ ಇದೆ ಅಂತ, ಅನುಮೋದನೆ ಅಂದ್ರೆ ಬದ್ಧ ಅಂತ. ಲಾಕಪ್ ಡೆತ್ ಬಗ್ಗೆ ಅರ್ಜಿ ಬರೆಯೋರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಎರಡನೆಯದು, ಯಾವ ಬಾಗಿಲು ಯಾವುದಕ್ಕೆ ಅಂತ ಗುರುತಿಸೋದು. ಮುಖ್ಯವಾಗಿ ಮೂರಿವೆ. ಒಂದು, ಪ್ರತಿ ಒಪ್ಪಂದದ ಪಾಲನೆಯನ್ನು ನೋಡುವ ತಜ್ಞರ ಸಮಿತಿ. ಕೆಲವು ಸಮಿತಿಗಳಿಗೆ ವ್ಯಕ್ತಿಗಳೇ ನೇರ ದೂರು ಕೊಡಬಹುದು, ಆದರೆ ಅದಕ್ಕೆ ಆ ದೇಶ ಪ್ರತ್ಯೇಕವಾಗಿ ಒಪ್ಪಿರಬೇಕು. ನಾಗರಿಕ ಹಕ್ಕುಗಳ ಒಪ್ಪಂದದಡಿ ಭಾರತ ಒಪ್ಪಿಲ್ಲ. ಎರಡು, ಮಾನವ ಹಕ್ಕುಗಳ ಮಂಡಳಿಯಲ್ಲಿ ನಡೆಯುವ ಸಾರ್ವತ್ರಿಕ ನಿಯತಕಾಲಿಕ ಪರಿಶೀಲನೆ, ಅಂದ್ರೆ ಯುಪಿಆರ್. ಭಾರತದ ಸರದಿ 2008, 2012, 2017 ಮತ್ತು 2022ರಲ್ಲಿ ಬಂದಿತ್ತು. ಮೂರು, ವಿಶೇಷ ವರದಿಗಾರರು. ಇವರಿಗೆ ಬರೆಯಲು ದೇಶ ಒಪ್ಪಂದಕ್ಕೆ ಸಹಿ ಹಾಕಿರಲೇಬೇಕಂತಿಲ್ಲ, ಇಲ್ಲಿನ ಕೋರ್ಟುಗಳ ದಾರಿ ಪೂರ್ತಿ ಮುಗಿದಿರಬೇಕಂತಲೂ ಇಲ್ಲ. ತುರ್ತು ಇದ್ದಾಗ ಇದೇ ಹತ್ತಿರದ ಬಾಗಿಲು.

ಮೂರನೆಯದು ಬರವಣಿಗೆ. ಯುಪಿಆರ್‌ಗೆ ಒಂದು ಸಂಸ್ಥೆ ಕಳಿಸುವ ವರದಿ 2,815 ಪದ ಮೀರುವಂತಿಲ್ಲ. ಭಾಷಣಕ್ಕೆ ಜಾಗವೇ ಇಲ್ಲ. ಯಾರು, ಎಲ್ಲಿ, ಯಾವಾಗ, ಯಾವ ಅಧಿಕಾರಿ, ಯಾವ ಒಪ್ಪಂದದ ಯಾವ ವಿಧಿ, ಸಂತ್ರಸ್ತರ ಒಪ್ಪಿಗೆ ಇದೆಯಾ, ಇಷ್ಟೇ ಬೇಕು. ಕಾಲೇಜಿನಲ್ಲಿ ಬಗ್ ರಿಪೋರ್ಟ್ ಬರೆದವರಿಗೆ ಇದು ಬೇಗ ಅರ್ಥವಾಗುತ್ತೆ: "ನಿಮ್ಮ ಸಾಫ್ಟ್‌ವೇರ್ ಸರಿಯಿಲ್ಲ" ಅಂದರೆ ಯಾರೂ ಕೈ ಹಾಕಲ್ಲ, ಯಾವ ಹೆಜ್ಜೆಯಲ್ಲಿ ಏನಾಯ್ತು ಅಂತ ತೋರಿಸಬೇಕು.

ನಾಲ್ಕನೆಯದು ಲಾಬಿ. ಯುಪಿಆರ್‌ನಲ್ಲಿ ಶಿಫಾರಸು ಮಾಡೋದು ದೇಶಗಳು ಮಾತ್ರ, ಸಂಘಟನೆಗಳಲ್ಲ. ಹಾಗಾಗಿ ಅಧಿವೇಶನಕ್ಕೆ ತಿಂಗಳುಗಳ ಮೊದಲೇ ರಾಯಭಾರ ಕಚೇರಿಗಳ ಅಧಿಕಾರಿಗಳನ್ನು ಭೇಟಿಯಾಗಿ, "ಈ ಒಂದು ಪ್ರಶ್ನೆ ನೀವು ಕೇಳಿ" ಅಂತ ಒಪ್ಪಿಸಬೇಕು. ಮಂಡಳಿಯಲ್ಲಿ ಸಿಗೋದು ಒಂದೆರಡು ನಿಮಿಷ. ನಿಜವಾದ ಕೆಲಸವೆಲ್ಲ ಕಾರಿಡಾರ್‌ನಲ್ಲೇ.

ಇದರಿಂದ ಏನಾದರೂ ಆಗಿದೆಯಾ?

ನಿಮ್ಮ ಆಫೀಸಿನಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇದೆಯಲ್ಲ? ಅದರ ಮೂಲ 1997ರ ವಿಶಾಖಾ ತೀರ್ಪು. ಆಗ ಇದಕ್ಕೆ ನಮ್ಮಲ್ಲಿ ಕಾನೂನೇ ಇರಲಿಲ್ಲ. ಭಾರತ ಅನುಮೋದಿಸಿದ್ದ ಮಹಿಳಾ ಒಪ್ಪಂದವನ್ನೂ ಆಧಾರವಾಗಿ ಇಟ್ಟುಕೊಂಡು ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿತು. ಸಂಸತ್ತು ಕಾಯ್ದೆ ಮಾಡಿದ್ದು 2013ರಲ್ಲಿ.

ಇನ್ನೊಂದು ಉದಾಹರಣೆ ಜಾತಿಯದು. ಜಾತಿ ಬೇರೆ, ಜನಾಂಗ ಬೇರೆ, ಆದ್ದರಿಂದ ಜನಾಂಗೀಯ ತಾರತಮ್ಯದ ಒಪ್ಪಂದ ಇದಕ್ಕೆ ಅನ್ವಯಿಸಲ್ಲ ಅನ್ನೋದು ಭಾರತ ಸರ್ಕಾರದ ವಾದ. 1996ರಲ್ಲೇ ಒಪ್ಪಂದದ ಸಮಿತಿ ಇದನ್ನು ಒಪ್ಪಲಿಲ್ಲ. 2001ರ ಡರ್ಬನ್ ಸಮ್ಮೇಳನಕ್ಕೆ ದಲಿತ ಸಂಘಟನೆಗಳು ದೊಡ್ಡ ಸಂಖ್ಯೆಯಲ್ಲಿ ಹೋದವು. ನಮ್ಮ ಬೆಂಗಳೂರಿನ ರೂತ್ ಮನೋರಮಾ ಆ ಹೋರಾಟದ ಪ್ರಮುಖ ದನಿಗಳಲ್ಲಿ ಒಬ್ಬರು. ಸಮ್ಮೇಳನದ ಅಂತಿಮ ದಾಖಲೆಯಲ್ಲಿ ಜಾತಿ ಎಂಬ ಪದ ಬರಲಿಲ್ಲ. ಆದರೆ ಮರುವರ್ಷವೇ ಸಮಿತಿ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ, ಹುಟ್ಟಿನ ಆಧಾರದ ತಾರತಮ್ಯದಲ್ಲಿ ಜಾತಿಯೂ ಸೇರುತ್ತೆ ಅಂತ ಸ್ಪಷ್ಟವಾಗಿ ಬರೆಯಿತು.

ತೆರಬೇಕಾದ ಬೆಲೆ

ಈ ತರಬೇತಿಗೆ ಸರ್ಕಾರಗಳು ಹೆದರುತ್ತವೆ ಅನ್ನೋದಕ್ಕೆ ಚೀನಾದ ಕಾವ್ ಶುನ್‌ಲಿ ಅವರ ಕಥೆ ಸಾಕು. 2013ರ ಸೆಪ್ಟೆಂಬರ್‌ನಲ್ಲಿ ಅವರು ಜಿನೀವಾದ ಒಂದು ಮಾನವ ಹಕ್ಕುಗಳ ತರಬೇತಿಗೆ ಹೊರಟಿದ್ದರು. ಬೀಜಿಂಗ್ ವಿಮಾನ ನಿಲ್ದಾಣದಲ್ಲೇ ಅವರನ್ನು ತಡೆದು ಬಂಧಿಸಲಾಯಿತು. ಬಂಧನದಲ್ಲಿ ಆರೋಗ್ಯ ಕೆಟ್ಟು, 2014ರ ಮಾರ್ಚ್ 14ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಮಾನವ ಹಕ್ಕುಗಳ ಮಂಡಳಿಯಲ್ಲಿ ಸಂಘಟನೆಗಳು ಅವರಿಗಾಗಿ ಮೌನ ಆಚರಿಸಲು ಹೊರಟಾಗ ಚೀನಾ ಅದಕ್ಕೂ ಅಡ್ಡಿಪಡಿಸಿತು.

ನಮ್ಮಲ್ಲೂ ಇದೆ. ಕಾಶ್ಮೀರದ ಖುರ್ರಂ ಪರ್ವೇಜ್ ಅವರನ್ನು 2016ರ ಸೆಪ್ಟೆಂಬರ್‌ನಲ್ಲಿ ಮಂಡಳಿಯ ಅಧಿವೇಶನಕ್ಕೆ ಹೋಗದಂತೆ ದೆಹಲಿ ವಿಮಾನ ನಿಲ್ದಾಣದಲ್ಲಿ ತಡೆದರು, ಶ್ರೀನಗರಕ್ಕೆ ಮರಳಿದ ಮೇಲೆ ಬಂಧಿಸಿದರು. ನವೆಂಬರ್‌ನಲ್ಲಿ ಹೈಕೋರ್ಟ್ ಆ ಬಂಧನ ರದ್ದು ಮಾಡಿತು. 2021ರಲ್ಲಿ ಯುಎಪಿಎ ಅಡಿ ಮತ್ತೆ ಬಂಧನವಾಯಿತು. ಕೆಲವೊಮ್ಮೆ ಬಂಧನವೂ ಬೇಡ, ಬರೀ ಪ್ರಶ್ನೆ ಸಾಕು: ಇಂಟರ್‌ನ್ಯಾಷನಲ್ ದಲಿತ್ ಸಾಲಿಡಾರಿಟಿ ನೆಟ್‌ವರ್ಕ್ ವಿಶ್ವಸಂಸ್ಥೆಯಲ್ಲಿ ಸಮಾಲೋಚನಾ ಸ್ಥಾನಮಾನಕ್ಕೆ ಹಾಕಿದ ಅರ್ಜಿಯನ್ನು ಭಾರತ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಮುಂದೂಡಿಸುತ್ತಾ ಬಂತು. ಸ್ಥಾನಮಾನ ಸಿಕ್ಕಿದ್ದು 2022ರ ಡಿಸೆಂಬರ್‌ನಲ್ಲಿ.

"ದೇಶದ ಮಾನ ಹರಾಜು ಹಾಕ್ತೀರಾ?"

ಈ ಪ್ರಶ್ನೆ ಬಂದೇ ಬರುತ್ತೆ. ಉತ್ತರ ನಮ್ಮ ಇತಿಹಾಸದಲ್ಲೇ ಇದೆ. ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರ ಮೇಲಿನ ತಾರತಮ್ಯವನ್ನು 1946ರಲ್ಲಿ ಮಹಾಸಭೆಗೆ ಒಯ್ದದ್ದು ಭಾರತವೇ, ನಿಯೋಗದ ಮುಂದಾಳು ವಿಜಯಲಕ್ಷ್ಮಿ ಪಂಡಿತ್. "ಇದು ನಮ್ಮ ಆಂತರಿಕ ವಿಷಯ" ಅಂತ ಆಗ ವಾದಿಸಿದ್ದು ದಕ್ಷಿಣ ಆಫ್ರಿಕಾ. ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಎಂದು ಓದಬಹುದಾಗಿದ್ದ ಇಂಗ್ಲಿಷ್ ಪದ ತೆಗೆಸಿ 'ಎಲ್ಲ ಮಾನವರು' ಅಂತ ಮಾಡಿಸಿದವರು ನಮ್ಮ ಹಂಸಾ ಮೆಹ್ತಾ. ಈ ವೇದಿಕೆ ಕಟ್ಟಿದವರಲ್ಲಿ ನಾವೂ ಇದ್ದೇವೆ, ಅಲ್ಲಿ ಮಾತಾಡೋದು ದ್ರೋಹ ಹೇಗಾಗುತ್ತೆ?

ಇನ್ನೊಂದು ಆಕ್ಷೇಪಕ್ಕೆ ಮಾತ್ರ ತೂಕ ಇದೆ. ಇದೆಲ್ಲ ಇಂಗ್ಲಿಷ್ ಬಲ್ಲ, ವೀಸಾ ಸಿಗುವ, ಊರೂರು ಹಾರಬಲ್ಲವರ ಲೋಕ. ಮಲಗುಂಡಿಗೆ ಇಳಿದು ಸತ್ತ ಪೌರಕಾರ್ಮಿಕನ ಹೆಂಡತಿಗೂ ಕಾಡಿನಿಂದ ಒಕ್ಕಲೆಬ್ಬಿಸಿದ ಜೇನು ಕುರುಬರಿಗೂ ಜಿನೀವಾ ದೂರದ ಮಾತೇ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಕನ್ನಡ ಇಲ್ಲ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ದೊಡ್ಡ ಸಂಸ್ಥೆ ತನಗೆ ಬಂದ ಹಣವನ್ನು ಹಳ್ಳಿಯ ಸಣ್ಣ ಸಂಘಟನೆಗೆ ವರ್ಗಾಯಿಸುವ ಹಾಗೂ ಇಲ್ಲ.

ಅದಕ್ಕೇ ಈ ತರಬೇತಿ ಕನ್ನಡದಲ್ಲಿ, ಜಿಲ್ಲಾ ಕೇಂದ್ರಗಳಲ್ಲಿ ನಡೀಬೇಕು. ಇದಕ್ಕೆ ವಿಮಾನ ಟಿಕೆಟ್ ಬೇಡ. ಒಬ್ಬ ವಕೀಲರು, ಇಂಗ್ಲಿಷ್ ಬರೆಯಬಲ್ಲ ಇಬ್ಬರು ವಿದ್ಯಾರ್ಥಿಗಳು, ಘಟನೆ ನಡೆದ ಊರಿನ ಜನ ಇದ್ದರೆ ಮೊದಲ ಪಾಠ ಶುರುವಾಗುತ್ತೆ. ಯುಪಿಆರ್‌ನಲ್ಲಿ ಭಾರತಕ್ಕೆ ಬಂದ ಶಿಫಾರಸುಗಳ ಪಟ್ಟಿ ವಿಶ್ವಸಂಸ್ಥೆಯ ವೆಬ್‌ಸೈಟಿನಲ್ಲಿ ಎಲ್ಲರಿಗೂ ಮುಕ್ತ. ಯಾವುದಕ್ಕೆ ಸರ್ಕಾರ 'ಒಪ್ಪಿದೆ' ಅಂದಿದೆ, ಯಾವುದನ್ನು 'ಗಮನಿಸಿದೆ' ಅಂತ ಮೆತ್ತಗೆ ಪಕ್ಕಕ್ಕಿಟ್ಟಿದೆ ಅಂತ ಓದಿ. ಒಪ್ಪಿರುವ ಒಂದನ್ನು ಆರಿಸಿ, ನಿಮ್ಮ ತಾಲ್ಲೂಕಿನಲ್ಲಿ ಅದು ಎಲ್ಲಿಗೆ ಬಂದಿದೆ ಅಂತ ಮೊದಲು ಆರ್‌ಟಿಐ ಹಾಕಿ ಕೇಳಿ. ಬಂದ ಉತ್ತರವನ್ನು, ಉತ್ತರ ಬಾರದಿದ್ದರೆ ಆ ಸಂಗತಿಯನ್ನು, ದಿನಾಂಕ ಸಮೇತ ಫೈಲ್ ಮಾಡಿಡಿ. ಮುಂದಿನ ಪರಿಶೀಲನೆಗೆ ಹೋಗುವ ವರದಿಗೆ ಬೇಕಾಗಿರೋದು ಅದೇ ಕಾಗದ.